ಬರ್ ಊರಿನಲ್ಲಿ ಒಂದು ದಿನ ಕಳೆಯುವುದು ಹೇಗೆ?

ಐರ್ಲೆಂಡ್‌ಗೆ ಹೋದವರು ಸಾಮಾನ್ಯವಾಗಿ ಡಬ್ಲಿನ್ ನೋಡಿ, ಅಲ್ಲಿಂದ ಸೀದಾ ಕಡಲ ಕಡೆ ಹೊರಡುತ್ತಾರೆ. ಒಂದು ದಿನ ಮಿಗಿಸಿ, ನಡುನಾಡಿನ ಆಫಲಿ ಕೌಂಟಿಯ ಬರ್ ಎಂಬ ಪುಟ್ಟ ಊರಿಗೂ ಹೋಗಿ ಬನ್ನಿ.

ಮೊದಲು ವೀಸಾ ವಿಚಾರ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಐರ್ಲೆಂಡ್‌ಗೆ ನಡೆಯುವುದಿಲ್ಲ, ಬೇರೆಯೇ ಮಾಡಿಸಬೇಕು. ಬರ್‌ಗೆ ರೈಲಿಲ್ಲ. ಬಸ್ಸು, ಇಲ್ಲವೇ ಕಾರು.

ಊರಿಗೆ ಇಳಿದವರು ಅಂಗಡಿ ಬೀದಿಯಲ್ಲಿ ನಿಲ್ಲದೆ ಬರ್ ಕ್ಯಾಸಲ್ ತೋಟಕ್ಕೆ ಟಿಕೆಟ್ ತೆಗೆದುಕೊಳ್ಳಿ. ಒಳಗೆ ಹುಲ್ಲುಹಾಸಿನ ನಡುವೆ ಕೋಟೆಗೋಡೆಯಂಥ ಎರಡು ಎತ್ತರದ ಕಲ್ಲುಗೋಡೆಗಳು. ಅವುಗಳ ಮಧ್ಯೆ ತೂಗುಹಾಕಿದ ದೊಡ್ಡ ಕೊಳವೆಯೇ ದೂರದರ್ಶಕ! ಮೂರನೇ ಅರ್ಲ್ ಆಫ್ ರಾಸ್ ಎಂಬ ಪದವಿಯ ಶ್ರೀಮಂತ ವಿಲಿಯಂ ಪಾರ್ಸನ್ಸ್ ಇದನ್ನು 1845ರಲ್ಲಿ ಕಟ್ಟಿ ಮುಗಿಸಿದರು. ಒಳಗೆ ಬೆಳಕು ಹಿಡಿಯುವ ಕನ್ನಡಿಯ ಅಗಲ 6 ಅಡಿ. ಅದು ಗಾಜಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದದ್ದು. ಬೇಗ ಮಂಕಾಗುತ್ತಿತ್ತು. ಅದಕ್ಕೇ ಎರಡು ಕನ್ನಡಿ ಇಟ್ಟುಕೊಂಡು, ಒಂದನ್ನು ಉಜ್ಜುವಾಗ ಇನ್ನೊಂದನ್ನು ಹಾಕುತ್ತಿದ್ದರು. ಕೊಳವೆ ಅಕ್ಕಪಕ್ಕಕ್ಕೆ ಸ್ವಲ್ಪವೇ ಹೊರಳುತ್ತಿತ್ತು. ನೋಡಬೇಕಾದ ನಕ್ಷತ್ರ ಎದುರಿಗೆ ಬರುವ ತನಕ ಕಾಯಲೇಬೇಕಿತ್ತು, ಅದೂ ಮೋಡ ಜಾಸ್ತಿ ಇರುವ ಊರಿನಲ್ಲಿ. ಅಷ್ಟರಲ್ಲೂ ಅದೇ ವರ್ಷ ಅವರು ಎಂ51 ಗೆಲಾಕ್ಸಿಯ ಸುರುಳಿಯನ್ನು ಕಂಡು ಕೈಯಾರೆ ಚಿತ್ರ ಬರೆದರು. ಅದಕ್ಕೆ ಮೊದಲು ಆ ಸುರುಳಿಯನ್ನು ಯಾರೂ ಕಂಡಿರಲಿಲ್ಲ. ಕೊಳವೆಯ ಕೆಳಗೆ ಸುಮ್ನೆ ಹತ್ತು ನಿಮಿಷ ನಿಲ್ಲಿ. ಆ ಜನರ ತಾಳ್ಮೆ ಎಷ್ಟಿತ್ತೆಂದು ಆಗ ತಿಳಿಯುತ್ತದೆ.

ಆಮೇಲೆ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅರ್ಲ್ ಅವರ ಪತ್ನಿ ಮೇರಿ ಅವರ ಫೋಟೊಗಳನ್ನು ತಪ್ಪಿಸಬೇಡಿ. ಕ್ಯಾಮೆರಾ ಆಗಷ್ಟೇ ಬಂದಿದ್ದ ಕಾಲದಲ್ಲಿ ಅವರು ಮನೆಯಲ್ಲೇ ಕತ್ತಲೆಕೋಣೆ ಮಾಡಿಕೊಂಡಿದ್ದರು. ಮಗ ಚಾರ್ಲ್ಸ್ 1884ರಲ್ಲಿ ಉಗಿ ಟರ್ಬೈನ್ ರೂಪಿಸಿದರು. ಎಂಥ ಮನೆ, ಅಲ್ವಾ!

ಮಧ್ಯಾಹ್ನ ಊಟ ಮುಗಿಸಿ ಆಕ್ಸ್‌ಮನ್‌ಟೌನ್ ಮಾಲ್‌ಗೆ ನಡೆಯಿರಿ. ಮಾಲ್ ಎಂದರೆ ಶಾಪಿಂಗ್ ಮಾಲ್ ಅಲ್ಲ, ಮರಗಳ ಸಾಲಿನ ಹಳೆಯ ಬೀದಿ. ಊರವರ ಜೊತೆ ಮಾತಿಗೆ ಕೂರಬೇಕೆಂದರೆ ಹರ್ಲಿಂಗ್ ಎಂಬ ಐರಿಷ್ ಕೋಲು-ಚೆಂಡಿನ ಆಟದ ವಿಷಯ ಎತ್ತಿ. ಮೊದಲ ಅಖಿಲ ಐರ್ಲೆಂಡ್ ಹರ್ಲಿಂಗ್ ಫೈನಲ್ 1888ರಲ್ಲಿ ನಡೆದದ್ದು ಇಲ್ಲೇ.

ಸಂಜೆಗೇ ಹೊರಡಬೇಡಿ, ರಾತ್ರಿ ಅಲ್ಲೇ ಉಳಿಯಿರಿ. ಮೋಡ ಸರಿದರೆ ಉತ್ತರಕ್ಕೆ ಮುಖ ಮಾಡಿ ಸಪ್ತರ್ಷಿ ಮಂಡಲ ಹುಡುಕಿ. ನಮ್ಮಲ್ಲಿ ಅದು ಮುಳುಗುತ್ತದೆ, ಅಲ್ಲಿ ಮುಳುಗುವುದೇ ಇಲ್ಲ. ಬಾಲದ ತುದಿಯ ನಕ್ಷತ್ರ ಮರೀಚಿ. ಅದರ ಪಕ್ಕದಲ್ಲೇ, ಬರಿಗಣ್ಣಿಗೆ ಕಾಣದಂತೆ, ಅರ್ಲ್ ಕಂಡ ಆ ಎಂ51 ಸುರುಳಿ ಇದೆ.