ಮೊದಲು ಮೈ ನೆನೆಯಲಿ

ಬಳ್ಳಾರಿಯಲ್ಲಿ ಸಂಸಾರ ಮಾಡಿದವರಿಗೆ ಧೂಳಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಡೂರಿನ ಕಡೆ ಹೋಗಿ ಬಂದ ದಿನ ಕುತ್ತಿಗೆಯ ಸುತ್ತ ಕೆಮ್ಮಣ್ಣಿನ ಗೆರೆ ಕೂತಿರುತ್ತದೆ; ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ, ಕೊಳೆಯ ಜೊತೆಗೆ ಸೋಪಿನ ಜಿಡ್ಡೂ ಮೈಮೇಲೆ ಉಳಿಯುತ್ತದೆ. ನಮ್ಮ ಅತ್ತೆಯವರ ಕಾಲದಲ್ಲಿ ಇದಕ್ಕೆ ಕಡಲೆಹಿಟ್ಟು, ಸೀಗೆಪುಡಿ, ಒಣಗಿದ ಹೀರೇಕಾಯಿಯ ನಾರು ಇದ್ದವು. ಎರಡು ವರ್ಷಗಳಿಂದ ನಮ್ಮ ಬಚ್ಚಲಿನ ಗೂಟಕ್ಕೆ ಸೊಸೆ ತರಿಸಿದ, ಮೈ ಉಜ್ಜುವ ಕೊರಿಯಾದ ಹಸಿರು ಬಟ್ಟೆಯೂ ಸೇರಿದೆ.

ಅದು ಕೈ ತೂರಿಸುವಷ್ಟು ಅಗಲದ ಪುಟ್ಟ ಚೀಲ. ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ರೇಯಾನ್ ನೂಲಿಗೆ ಬಿಗಿಯಾಗಿ ಹುರಿ ಕೊಟ್ಟು ನೇಯ್ದಿರುವುದರಿಂದ ಮುಟ್ಟಿದರೆ ತರಿತರಿಯಾಗಿರುತ್ತದೆ. ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ 1960ರ ದಶಕದಲ್ಲಿ ಹುಟ್ಟಿದ ಇದಕ್ಕೆ, ಮೊದಲಿಗೆ ಬಟ್ಟೆ ಇಟಲಿಯಿಂದ ಬಂದದ್ದರಿಂದ, ಅಲ್ಲಿಯವರು ಇಂದಿಗೂ ‘ಇಟಲಿ ಟವೆಲ್’ ಎನ್ನುತ್ತಾರೆ. ಅಲ್ಲಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಜನ ಬಿಸಿನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕುಳಿತು, ಆಮೇಲೆ ಇದರಿಂದ ಮೈ ಉಜ್ಜಿಸಿಕೊಳ್ಳುತ್ತಾರೆ.

ಆ ‘ಬಹಳ ಹೊತ್ತು’ ಎಂಬುದನ್ನು ನಾನು ಮೊದಲ ಸಲ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ತಂಬಿಗೆ ನೀರು ಸುರಿದುಕೊಂಡು, ಬಟ್ಟೆಗೆ ಸೋಪು ಬಳಿದು, ಪಾತ್ರೆ ತಿಕ್ಕಿದಂತೆ ತಿಕ್ಕಿದೆ. ಕೊಳೆಯೇನೂ ಬರಲಿಲ್ಲ, ಸಂಜೆಗೆ ಮೊಣಕಾಲ ಕೆಳಗಿನ ಚರ್ಮ ಕೆಂಪಾಗಿ ಎರಡು ದಿನ ಉರಿಯಿತು. “ಅತ್ತೀ, ಸೋಪ್ ಹಚ್ಚಬ್ಯಾಡ್ರಿ, ಮೊದಲ ಮೈ ನೆನೀಲಿ” ಎಂದು ಸೊಸೆ ಹೇಳಿದ ಮೇಲೆ ತಪ್ಪು ತಿಳಿಯಿತು. ಸೋಪು, ಎಣ್ಣೆ ಯಾವುದಿದ್ದರೂ ಬಟ್ಟೆ ಜಾರುತ್ತದೆ, ಜಾರುವ ಬಟ್ಟೆಗೆ ಸತ್ತ ಚರ್ಮ ಸಿಗುವುದಿಲ್ಲ. ಆದ್ದರಿಂದ ಎಣ್ಣೆಸ್ನಾನದ ದಿನವೇ ಬೇರೆ, ಇದರ ದಿನವೇ ಬೇರೆ ಇರಲಿ.

ನಮ್ಮ ಮನೆಗಳಲ್ಲಿ ತೊಟ್ಟಿಯಿಲ್ಲ ಎಂದು ಚಿಂತಿಸಬೇಕಾಗಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು, ಪಾದಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಮಣೆಯ ಮೇಲೆ ಕುಳಿತು, ಬೆನ್ನಿಗೂ ತೊಡೆಗೂ ಒದ್ದೆ ಟವೆಲ್ ಹೊದ್ದು, ಅದರ ಮೇಲೆ ಆಗಾಗ ಬೆಚ್ಚಗಿನ ನೀರು ಸುರಿಯುತ್ತ ಹದಿನೈದು ನಿಮಿಷ ಕಳೆಯಿರಿ. ಕಾಲ್ಬೆರಳ ತುದಿ ಸುಕ್ಕಾಗತೊಡಗಿತೆಂದರೆ ಹದ ಬಂದಂತೆ. ಆಮೇಲೆ ಮೈಮೇಲಿನ ನೀರನ್ನು ಅಂಗೈಯಿಂದ ಸವರಿ ತೆಗೆದು, ಬಟ್ಟೆಯನ್ನು ನೆನೆಸಿ, ಒತ್ತಿ ನೀರು ತೆಗೆದು, ಕೈಗೆ ಹಾಕಿಕೊಂಡು, ಮಣಿಕಟ್ಟಿನಿಂದ ಭುಜದ ಕಡೆಗೆ, ಪಾದದಿಂದ ಮೇಲಕ್ಕೆ ಉದ್ದುದ್ದಕ್ಕೆ ಎಳೆಯಿರಿ. ರೊಟ್ಟಿ ತಟ್ಟಿದ ಮೇಲೆ ಅಂಗೈಗಳನ್ನು ಉಜ್ಜಿಕೊಂಡಾಗ ಒಣಗಿದ ಹಿಟ್ಟು ಸುರುಳಿ ಸುರುಳಿಯಾಗಿ ಉದುರುತ್ತದಲ್ಲ, ಅದೇ ರೀತಿ ಸತ್ತ ಚರ್ಮದ ಬೂದುಬಣ್ಣದ ಎಳೆಗಳು ಏಳುತ್ತವೆ. ಒಂದು ಜಾಗದಲ್ಲಿ ನಾಲ್ಕೈದು ಸಲ ಎಳೆದರೆ ಸಾಕು. ಎಳೆ ಏಳದಿದ್ದರೆ ಮೈ ಇನ್ನೂ ನೆನೆದಿಲ್ಲವೆಂದು ತಿಳಿದು ನೀರು ಸುರಿಯಬೇಕೇ ಹೊರತು ಕೈಗೆ ಬಲ ಕೊಡಬಾರದು. ಸೋಪು ಕೊನೆಗೆ, ಬರಿ ಕೈಯಿಂದ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳಿಗೆ ಒತ್ತಿ ಹೇಳುತ್ತೇನೆ. ಮೊಣಕೈ, ಮಂಡಿ, ಕುತ್ತಿಗೆಯ ಕಪ್ಪು ಹೋಗಲೆಂದು ದಿನಾ ತಿಕ್ಕುವವರಿದ್ದಾರೆ. ಆ ಕಪ್ಪು ಕೊಳೆಯಲ್ಲ, ಚರ್ಮದ್ದೇ ಬಣ್ಣ. ನಮ್ಮಂಥ ಮೈಬಣ್ಣದವರಲ್ಲಿ ತಿಕ್ಕಿದಷ್ಟೂ ಅದು ಹೆಚ್ಚುತ್ತದೆ, ಕೊರಳಿನ ಎಲುಬಿನ ಮೇಲೆ, ಬೆನ್ನಿನ ಮೇಲೆ ಹೊಸ ಕಪ್ಪು ಪಟ್ಟೆಗಳೂ ಮೂಡಬಹುದು. ಚರ್ಮದ ಹೊರಪದರು ಹೊಸದಾಗಲು ಸುಮಾರು ಒಂದು ತಿಂಗಳು ಬೇಕಾಗುವುದರಿಂದ, ಹದಿನೈದು ದಿನಕ್ಕೊಮ್ಮೆ ಉಜ್ಜಿದರೆ ಧಾರಾಳವಾಯಿತು. ಮುಖಕ್ಕೆ ಈ ಬಟ್ಟೆ ಬೇಡವೇ ಬೇಡ. ಬೆವರುಸಾಲೆ, ಇಸಬು, ಗಾಯ ಇರುವಲ್ಲಿ ಮುಟ್ಟಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದಾದ್ದರಿಂದ, ಚರ್ಮ ಕಿತ್ತರೂ ತಿಳಿಯದೆ ಹೋಗುವ ಭಯವಿದೆ. ನಮ್ಮ ಯಜಮಾನರ ಪಾದಕ್ಕೆ ನಾನು ಮೆತ್ತನೆಯ ಹತ್ತಿ ಬಟ್ಟೆಯನ್ನಷ್ಟೇ ಬಳಸುತ್ತೇನೆ.

ಉಜ್ಜಿದ ಚರ್ಮಕ್ಕೆ ನಮ್ಮೂರಿನ ಬಿಸಿಲು ಚುರುಕಾಗಿ ತಾಗುತ್ತದೆ. ಹಾಗಾಗಿ ಇದನ್ನು ಸಂಜೆ ಮಾಡಿ, ಮೈ ಪೂರ್ತಿ ಆರುವ ಮೊದಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ ಮಲಗುವುದು ಒಳ್ಳೆಯದು.

ಒಬ್ಬರ ಬಟ್ಟೆಯನ್ನು ಮತ್ತೊಬ್ಬರು, ಗಂಡಹೆಂಡಿರಾದರೂ, ಬಳಸಬಾರದು. ಗಜಕರ್ಣವೂ ನರಹುಲಿಯೂ ಹೀಗೆಯೇ ಹರಡುತ್ತವೆ. ನಮ್ಮ ಮನೆಯಲ್ಲಿ ಒಂದೊಂದರ ಮೂಲೆಗೂ ಬೇರೆ ಬೇರೆ ಬಣ್ಣದ ದಾರದ ಗಂಟು ಹಾಕಿದ್ದೇನೆ. ರೇಯಾನ್ ಒದ್ದೆಯಾದಾಗ ಬಲಗುಂದುವುದರಿಂದ ತಿರುಚಿ ಹಿಂಡದೆ, ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ಒಳಹೊರಗು ಮಾಡಿ, ಬಚ್ಚಲಿನಲ್ಲಿ ಬಿಡದೆ ಗಾಳಿಯಾಡುವ ತಂತಿಯ ಮೇಲೆ ಹಾಕಬೇಕು. ಗಡಸು ನೀರಿಗೆ ಬಟ್ಟೆ ಹಪ್ಪಳದಂತೆ ಸೆಟೆದರೆ ಅರ್ಧ ಬಕೆಟ್ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಸ್ವಲ್ಪ ಹೊತ್ತು ನೆನೆಯಿಟ್ಟು ಜಾಲಿಸಿ. ತರಿ ಸವೆದು ನುಣುಪಾಯಿತೆಂದರೆ ಅದನ್ನು ನಲ್ಲಿ ಒರೆಸಲು ಇಟ್ಟುಕೊಂಡು, ಮೈಗೆ ಹೊಸದನ್ನು ತೆಗೆಯಿರಿ.