ಬಿಳಿ ಹೋದದ್ದೆಲ್ಲ ಯೀಸ್ಟ್ ಅಲ್ಲ

ಅಂಕೋಲಾ ಕಡೆಯ ನನ್ನ ಕ್ಲಿನಿಕ್ಕಿಗೆ ಹಳೆಯ ಮೈಕ್ರೋಸ್ಕೋಪ್ ತಂದಾಗ ಜೊತೆಯ ಡಾಕ್ಟರುಗಳೇ ನಕ್ಕರು. ‘ಬಿಳಿ ಹೋಗ್ತದೆ ಅಂದ್ರೆ ಹಸಿರು ಕಿಟ್ ಕೊಟ್ಟು ಕಳಿಸೂದಪ್ಪ, ಸ್ಲೈಡ್ ಯಾರು ನೋಡ್ತಾರೆ?’ ಹಸಿರು ಕಿಟ್ ಅಂದರೆ ಬಿಳಿ ಹೋಗುವವರಿಗೆ ಸ್ಲೈಡ್ ನೋಡದೆಯೇ ಕೊಡುವ ಸರಕಾರಿ ಮಾತ್ರೆಗಳ ಪೊಟ್ಟಣ. ಮೈಕ್ರೋಸ್ಕೋಪ್ ಸೆಕೆಂಡ್ ಹ್ಯಾಂಡ್, 14 ಸಾವಿರವೋ ಏನೋ. ನಾನೂ ಹತ್ತು ವರ್ಷ ಕಣ್ಣಂದಾಜಿನಲ್ಲೇ, ಯೀಸ್ಟ್ ಎಂಬ ಫಂಗಸ್ಸಿನ ಮಾತ್ರೆ ಫ್ಲೂಕೊನಜೋಲ್ 150 ಬರೆದವಳು. ತಿಂಗಳೊಳಗೆ ಅದೇ ಹೆಂಗಸರು ವಾಪಸ್.

ಮೊದಲ ಮಳೆಗಾಲ ಪೂರ್ತಿ ಹಾಳು. ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿಗಳು ನಮ್ಮ ಕರಾವಳಿಯ ತೇವಕ್ಕೆ ಬಣ್ಣಗೆಟ್ಟವು. ಎರಡು ಡಬ್ಬಿ ಕಸಕ್ಕೆ. ಬಿರಡೆ ಸಡಿಲಿದ್ದ ಕೆಒಎಚ್ (ಸ್ಲೈಡಿಗೆ ಹಾಕುವ ಕ್ಷಾರದ ದ್ರಾವಣ) ಗಾಳಿ ಕುಡಿದು ಸತ್ವ ಕಳಕೊಂಡಿತು. ಒಳಗೆ ನೋಡುವ ಸಲಕರಣೆ ಸ್ಪೆಕ್ಯುಲಂಗೆ ಜೆಲ್ಲಿ ಹಚ್ಚಿ ಪಿಎಚ್ ತಪ್ಪು ಓದಿದ್ದೂ ಉಂಟು. ಈಗ ಬರೀ ನೀರು, ಸ್ವಾಬ್ ಯೋನಿಯ ಪಕ್ಕದ ಗೋಡೆಯಿಂದ. ಮುಟ್ಟಿನ ರಕ್ತ ಇದ್ದರೆ, ಹಿಂದಿನ ರಾತ್ರಿ ಗಂಡನ ಜೊತೆ ಮಲಗಿದ್ದರೆ ಪಟ್ಟಿಯನ್ನು ನಂಬುವುದಿಲ್ಲ.

ಕೈ ಕೂತ ಮೇಲೆ ನೋಡಿದ ನೂರರ ಹತ್ತಿರದ ಸ್ಲೈಡುಗಳಲ್ಲಿ ಯೀಸ್ಟ್ ಸಿಕ್ಕಿದ್ದು 40 ಚಿಲ್ಲರೆಯಲ್ಲಿ. ಉಳಿದವರಲ್ಲಿ ಬಹಳ ಜನರಿಗೆ ಪಿಎಚ್ 4.5 ದಾಟಿತ್ತು, ಕ್ಲೂ ಸೆಲ್ (ಬ್ಯಾಕ್ಟೀರಿಯಾ ಮೆತ್ತಿದ ಜೀವಕೋಶ) ಇತ್ತು, ಕೆಒಎಚ್ ಹನಿಗೆ ಮೀನು ವಾಸನೆ. (ಮೀನುಪೇಟೆ ಪಕ್ಕದಲ್ಲಿ ಕೂತು ಅದನ್ನು ಹಿಡಿಯುವುದೂ ಒಂದು ವಿದ್ಯೆಯೇ!) ಅದು ಬ್ಯಾಕ್ಟೀರಿಯಾದ ಕಾಟ, ಯೀಸ್ಟಿನದಲ್ಲ. ಅವರಿಗೆ ಮೆಟ್ರೊನಿಡಜೋಲ್ 400, ದಿನಕ್ಕೆರಡು, ಏಳು ದಿನ. ಸ್ಲೈಡಿನಲ್ಲಿ ಟ್ರೈಕೊ (ಗಂಡಹೆಂಡಿರ ನಡುವೆ ಹರಡುವ ಸೂಕ್ಷ್ಮಜೀವಿ) ಓಡಾಡುತ್ತಿದ್ದರೆ ಗಂಡನಿಗೂ. ಗಂಡಂದಿರಿಗೆ ಮಾತ್ರೆ ನುಂಗಿಸುವ ನನ್ನ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ.

ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಒಬ್ಬರಿಗೆ ನಾಲ್ಕು ಸಲ ಫ್ಲೂಕೊನಜೋಲ್ ಸೋತಿತ್ತು. ‘ಅಮಾ, ನಿಮ್ಮ ಗುಳಿಗೆ ನಂಗೆ ನಾಟೂದೇ ಇಲ್ಲ’ ಅಂದರು. ಸ್ಲೈಡಿನಲ್ಲಿ ಯೀಸ್ಟಿನ ಬರೀ ಮೊಗ್ಗುಗಳು, ಎಳೆ ಒಂದೂ ಇಲ್ಲ. ಫ್ಲೂಕೊನಜೋಲಿಗೆ ಸುಲಭಕ್ಕೆ ಬಗ್ಗದ ಗ್ಲಾಬ್ರಾಟಾ ಜಾತಿಯ ಯೀಸ್ಟ್ ಇರಬೇಕು ಅಂತ ಅನುಮಾನ. ಶುಗರ್ ನೋಡಿದರೆ 280ರ ಮೇಲೆ! ನಾಲ್ಕು ಸಲದಲ್ಲಿ ಒಮ್ಮೆಯೂ ನಾನು ಅದನ್ನು ನೋಡಿರಲಿಲ್ಲ. ಶುಗರಿಗೆ ಔಷಧ ಶುರು ಮಾಡಿ, ಬೋರಿಕ್ ಆಸಿಡ್ 600 ಮಿ.ಗ್ರಾಂ. ಕ್ಯಾಪ್ಸೂಲ್ 14 ರಾತ್ರಿ ಯೋನಿಯೊಳಗಿಡಲು ಕೊಟ್ಟೆ. ಬಾಯಿಗೆ ಹೋದರೆ ವಿಷ. ಡಬ್ಬಿಗೆ ಕೆಂಪು ಗೀಟು ಎಳೆದು, ಮಗಳೆದುರು ಎರಡು ಸಲ ಹೇಳಿ ಕಳಿಸಿದೆ. ಬಸುರಿಯರಿಗೆ ಇದೂ ಇಲ್ಲ, ಫ್ಲೂಕೊನಜೋಲೂ ಇಲ್ಲ. ಏಳು ದಿನ ಕ್ಲೋಟ್ರಿಮಜೋಲ್ ಒಳಗುಳಿಗೆಯೇ.

ನಡುವೆ ಒಂದು ಹುಚ್ಚು ಪ್ರಯೋಗ. ಅಂಗಡಿಯ ಸ್ಟೀರಾಯ್ಡ್ ಬೆರಕೆ ಕ್ರೀಮ್ ಹಚ್ಚಿ ತೊಡೆಸಂದಿ ಸುಟ್ಟುಕೊಂಡು ಬಂದವರಿಗೆ ಶಿರಸಿ ಕಡೆಯ ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಹೊರಗಷ್ಟೇ ಸವರಿಸಿದೆ. ಉರಿ ಇಳಿಯಿತು, ಫಂಗಸ್ ಅಲ್ಲೇ ಇತ್ತು. ಒಳಬಟ್ಟೆಯನ್ನು ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿ ಅಂದದ್ದು ಹೆಚ್ಚು ಉಪಯೋಗಕ್ಕೆ ಬಂತು.

ಸ್ಲೈಡಿಗೆ 50 ರೂಪಾಯಿ ತಗೋತೇನೆ. ಮೂರನೇ ಮಳೆಗಾಲಕ್ಕೆ ಮೈಕ್ರೋಸ್ಕೋಪಿನ ದುಡ್ಡು ಹುಟ್ಟಿತು. ನಕ್ಕವರಲ್ಲಿ ಒಬ್ಬರು ಈಗ ವಾಸಿಯಾಗದವರನ್ನು ನನ್ನ ಕಡೆಗೇ ಕಳಿಸುತ್ತಾರೆ, ಚೀಟಿಯಲ್ಲಿ ‘ಸ್ಲೈಡ್ ನೋಡಿ’ ಅಂತಷ್ಟೇ ಬರೆದು.