ಹಿಮ ಸುರಿಯುವಾಗ ಗುಲ್ಮರ್ಗ್‌ನಲ್ಲಿ ಸ್ಕೀ: ಎಲ್ಲಿ ಇಳಿಯಬೇಕು, ಎಲ್ಲಿ ಕಾಯಬೇಕು

ರಾತ್ರಿಯಿಡೀ ಹಿಮ ಬಿದ್ದು ಬೆಳಗಾದರೆ ಗುಲ್ಮರ್ಗ್‌ನ ಗೊಂಡೋಲಾ (ಕೇಬಲ್ ಕಾರ್) ನಿಲ್ದಾಣದ ಮುಂದೆ ಕೇಳಿಬರುವುದು ಒಂದೇ ಪ್ರಶ್ನೆ: ‘ಎರಡನೇ ಹಂತ ತೆರೆದಿದೆಯಾ?’ ಹಿಮ ಸುರಿಯುತ್ತಿರುವ ದಿನ ಸಾಮಾನ್ಯವಾಗಿ ತೆರೆದಿರುವುದಿಲ್ಲ. ಆ ದಿನಗಳು ಅಷ್ಟೇನೂ ಕಷ್ಟವಲ್ಲ. ಆಕಾಶ ತಿಳಿಯಾಗಿ, ‘ಹೌದು, ತೆರೆದಿದೆ’ ಎಂಬ ಉತ್ತರ ಬರುತ್ತದಲ್ಲ, ನಿಜವಾಗಿ ತಲೆ ಓಡಿಸಬೇಕಾದ ದಿನ ಅದು. ತೆರೆದಿದೆ ಎಂದರೆ ಗೊಂಡೋಲಾ ಓಡುತ್ತಿದೆ ಎಂದಷ್ಟೇ ಅರ್ಥ. ಮೇಲಿನ ಇಳಿಜಾರೆಲ್ಲ ಸುರಕ್ಷಿತ ಎಂದಲ್ಲ.

ಮೊದಲು ಜಾಗದ ಪರಿಚಯ. ಬಾರಾಮುಲ್ಲಾ ಜಿಲ್ಲೆಯ ಗುಲ್ಮರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ಕಾಡಿನ ಮೇಲೆ ಹಾದು ಸುಮಾರು 3,100 ಮೀಟರ್ ಎತ್ತರದ ಕೊಂಗ್ಡೋರಿಗೆ ಮುಟ್ಟಿಸುತ್ತದೆ. ಎರಡನೆಯದು ಅಲ್ಲಿಂದ ಅಫರ್ವತ್ ಶಿಖರದ ಹೆಗಲಿಗೆ, ಸುಮಾರು 3,950 ಮೀಟರ್‌ವರೆಗೆ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಬೆಂಗಳೂರಿನಿಂದ ಹಾರಿ ಮರುದಿನವೇ ಅಲ್ಲಿ ನಿಂತರೆ ಏದುಸಿರು, ತಲೆನೋವು ಬರುವುದು ಸಹಜ. ಮೊದಲ ದಿನ ಕೆಳಗೇ ಇರಿ.

ಹೊರಡುವ ಮುನ್ನ

ಕಾಶ್ಮೀರಕ್ಕೆ ದೊಡ್ಡ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಳೆ-ಹಿಮದ ಮಾರುತಗಳು. ಬಂದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. ಟಂಗ್‌ಮರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ಘಟ್ಟದ ರಸ್ತೆಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಅಥವಾ ಫೋರ್ ವೀಲ್ ಡ್ರೈವ್ ಬೇಕು. ಪ್ರವಾಸದಲ್ಲಿ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಜೀನ್ಸ್ ಮತ್ತು ಹತ್ತಿಯ ಒಳಬಟ್ಟೆ ಮನೆಯಲ್ಲೇ ಬಿಡಿ. ಬೆವರು ಹೀರಿದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಎಷ್ಟು ಬಿತ್ತು, ಎಷ್ಟು ಭಾರ

‘ಮೊಣಕಾಲುದ್ದ ಬಿದ್ದಿದೆ’ ಎಂಬುದು ಅಳತೆಯಲ್ಲ. ಮುಕ್ಕಾಲು ಅಡಿ ಉದ್ದಗಲದ ಒಂದು ಹಲಗೆಯನ್ನು ಗಾಳಿ ತಾಗದ ಸಮತಟ್ಟು ಜಾಗದಲ್ಲಿ ಸಂಜೆ ಇಟ್ಟು, ಬೆಳಿಗ್ಗೆ ಅದರ ಮೇಲೆ ಸ್ಕೇಲು ನಿಲ್ಲಿಸಿ ನೋಡಿ. ಅಳೆದ ಮೇಲೆ ಹಲಗೆ ಗುಡಿಸಿ ಮತ್ತೆ ಇಡಿ. ಬಾಲ್ಕನಿಯ ಕಟಾಂಜನ ನಂಬಬೇಡಿ, ಗಾಳಿ ಅಲ್ಲಿ ಹಿಮವನ್ನು ಪೇರಿಸಿರುತ್ತದೆ, ಇಲ್ಲವೇ ಹೊತ್ತೊಯ್ದಿರುತ್ತದೆ.

ಇನ್ನು ತೂಕ. ಒಂದು ಲೀಟರಿನ ಪಾತ್ರೆಗೆ ಒತ್ತದೆ, ಕುಲುಕದೆ ಹೊಸ ಹಿಮ ತುಂಬಿಸಿ ಕರಗಿಸಿ. 50ರಿಂದ 70 ಮಿಲಿಲೀಟರ್ ನೀರಾದರೆ ಅದು ಸ್ಕೀಯವರು ಕನಸು ಕಾಣುವ ಹಗುರ ಪುಡಿ. 100 ಆದರೆ ಸಾಮಾನ್ಯ. 150 ದಾಟಿದರೆ ಒದ್ದೆ ಹಿಟ್ಟಿನಂತೆ ಕಾಲು ಹಿಡಿಯುವ ಹಿಮ. ಲೀಟರಿಗೆ 100 ಮಿಲಿಲೀಟರ್ ಎಂದರೆ ಘನಮೀಟರಿಗೆ 100 ಕಿಲೋ. ಅಂಥದ್ದು 60 ಸೆಂಟಿಮೀಟರ್ ಬಿದ್ದರೆ ಒಂದು ಚದರ ಮೀಟರ್ ಮೇಲೆ 60 ಕಿಲೋ ಭಾರ. ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಒಂದು ಸಾಧಾರಣ ಇಳಿಜಾರಿನ ಮೇಲೆ ಒಂದೇ ರಾತ್ರಿಯಲ್ಲಿ 300 ಟನ್ ಕುಳಿತಂತಾಯಿತು.

ಆ ಭಾರ ಯಾವುದರ ಮೇಲೆ ಕುಳಿತಿದೆ ಎಂಬುದೇ ಮುಂದಿನ ಪ್ರಶ್ನೆ. ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲಾ-ಇ-ಕಲಾನ್ ಎನ್ನುತ್ತಾರೆ. ಆಗ ತೆಳುವಾಗಿ ಹಿಮ ಬಿದ್ದು, ವಾರಗಟ್ಟಲೆ ಒಣ ಬಿಸಿಲು, ಕೊರೆಯುವ ರಾತ್ರಿ ಬಂದರೆ ಆ ತೆಳು ಪದರದ ಹಿಮ ಒಳಗೊಳಗೇ ಹರಳಾಗುತ್ತದೆ. ನೆಲದ ಬಿಸುಪಿಗೂ ಮೇಲಿನ ಚಳಿಗೂ ನಡುವೆ ಸಿಕ್ಕಿ ಕಣಗಳು ಒಂದನ್ನೊಂದು ಹಿಡಿಯುವುದನ್ನು ಬಿಡುತ್ತವೆ. ಅಗೆದು ಅಂಗೈಗೆ ಹಾಕಿಕೊಂಡರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಜಾರುತ್ತದೆ, ಉಂಡೆ ಕಟ್ಟುವುದಿಲ್ಲ. ಇಂಥ ಸಕ್ಕರೆಯ ಮೇಲೆ ಆ 300 ಟನ್ ಬಂದು ಕುಳಿತಾಗ ಒಬ್ಬ ಸ್ಕೀಯರ್‌ನ ತೂಕವೇ ಕೊನೆಯ ನೆಪವಾಗಬಹುದು.

ಸುರಿಯುತ್ತಿರುವ ದಿನ: ಮರಗಳ ನಡುವೆ

ಹಿಮ ಬೀಳುತ್ತಿರುವಾಗ ಮರವಿಲ್ಲದ ಬಯಲಲ್ಲಿ ಆಕಾಶ, ನೆಲ ಎರಡೂ ಒಂದೇ ಬಿಳಿ. ಏರು ಯಾವುದು, ತಗ್ಗು ಯಾವುದು ಕಾಣದೆ, ನಿಂತಿದ್ದೀರೋ ಜಾರುತ್ತಿದ್ದೀರೋ ಎಂಬುದೇ ತಿಳಿಯದೆ ತಲೆ ಸುತ್ತುತ್ತದೆ. ಮರಗಳಿದ್ದರೆ ಕಣ್ಣಿಗೆ ಆಧಾರ ಸಿಗುತ್ತದೆ, ಗಾಳಿಯೂ ಕಡಿಮೆ. ಕೊಂಗ್ಡೋರಿಯ ಕೆಳಗಿನ ಕಾಡು, ಗೊತ್ತಿರುವ ಗೈಡ್ ಜೊತೆಗಿದ್ದರೆ ಬಾಬಾರೇಶಿ ಅಥವಾ ದ್ರಂಗ್ ಕಡೆಗೆ ಇಳಿಯುವ ಕಾಡು, ಇವೇ ಆ ದಿನದ ಜಾಗಗಳು. ಕಾಡಿನ ನಡುವೆ ಮರವೇ ಇಲ್ಲದ ಉದ್ದನೆಯ ಓಣಿ ಕಂಡರೆ ‘ಆಹಾ, ದಾರಿ!’ ಎಂದು ನುಗ್ಗಬೇಡಿ. ಅಲ್ಲಿ ಮರಗಳು ಯಾಕಿಲ್ಲ ಎಂದು ಮೇಲೆ ನೋಡಿ. ಹಿಂದಿನ ಹಿಮಕುಸಿತಗಳು ಗುಡಿಸಿದ ದಾರಿ ಅದಾಗಿರಬಹುದು.

ಕಪ್ಪು ಗಾಗಲ್ ಆ ದಿನ ಕೆಲಸಕ್ಕೆ ಬಾರದು. ಬೆಳಕು ಹೆಚ್ಚು ಬಿಡುವ ಹಳದಿ, ಕಿತ್ತಳೆ ಅಥವಾ ಗುಲಾಬಿ ಬಣ್ಣದ, ಎಸ್1 ಗುರುತಿನ ಗಾಜು ಹಾಕಿ. ಗಾಗಲನ್ನು ಹಣೆಗೆ ಏರಿಸಿದರೆ ಬೆವರಿನ ಆವಿ ಒಳಗೆ ಕೂತು ಮಬ್ಬಾಗುತ್ತದೆ. ಒಳಮೈ ಒರೆಸಿದರೆ ಮಬ್ಬು ತಡೆಯುವ ಲೇಪವೇ ಕಿತ್ತುಬರುತ್ತದೆ. ಒದರಿ, ಬಟ್ಟೆ ತಾಗಿಸಿ ನೀರು ಹೀರಿಸಿ, ಅಷ್ಟೇ.

ಸ್ಕೀ ಬಾಡಿಗೆಗೆ ಪಡೆಯುವಾಗ ನಡು ಭಾಗದ ಅಗಲ 100ರಿಂದ 115 ಮಿಲಿಮೀಟರ್ ಇದ್ದು ಮೂತಿ ಮೇಲಕ್ಕೆ ಬಾಗಿರುವುದನ್ನು ಕೇಳಿ. ಸಪೂರ ಸ್ಕೀ ಹೊಸ ಹಿಮದಲ್ಲಿ ಮುಳುಗುತ್ತದೆ. ಕೈಯಲ್ಲಿ ಹಿಡಿಯುವ ಕೋಲುಗಳ, ಅಂದರೆ ಪೋಲ್‌ಗಳ ತುದಿಯಲ್ಲಿ ಬಟ್ಟಲಿನಾಕಾರದ ದೊಡ್ಡ ಬಿಲ್ಲೆ ಇರಲಿ, ಇಲ್ಲದಿದ್ದರೆ ಊರಿದ ಪೋಲ್ ಹಿಡಿಯವರೆಗೂ ಒಳಗೆ ಹೋಗುತ್ತದೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಡಿನ್ ಸಂಖ್ಯೆಯನ್ನು (ಎಷ್ಟು ಬಲ ಬಿದ್ದರೆ ಅದು ಬೂಟನ್ನು ಬಿಡಬೇಕು ಎಂಬ ಅಳತೆ) ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ಮಟ್ಟ ನೋಡಿಯೇ ಕೂರಿಸಬೇಕು. ಅಂಗಡಿಯವನು ಬರೀ ಮುಖ ನೋಡಿ ಸ್ಕ್ರೂ ತಿರುಗಿಸಿದರೆ ಬೇರೆ ಅಂಗಡಿ ಹುಡುಕಿ.

ಬೂಟು ಸಿಕ್ಕಿಸುವ ಮುನ್ನ ಅಟ್ಟೆಗೆ ಅಂಟಿದ ಹಿಮವನ್ನು ಪೋಲ್‌ನಿಂದ ಕೆರೆದು ತೆಗೆಯುವುದು ಸಣ್ಣ ಕೆಲಸ, ಆದರೆ ಆಳ ಹಿಮದಲ್ಲಿ ಎಷ್ಟೋ ಅವಘಡಕ್ಕೆ ಮೂಲ ಇದನ್ನು ಮಾಡದಿರುವುದೇ. ಹಿಮ ಗಟ್ಟಿಯಾಗಿ ಕೂತಿದ್ದರೆ ಬೈಂಡಿಂಗ್ ‘ಕ್ಲಿಕ್’ ಎನ್ನುತ್ತದೆ, ಪೂರ್ತಿ ಹಿಡಿದಿರುವುದಿಲ್ಲ. ಎರಡನೇ ತಿರುವಿಗೇ ಸ್ಕೀ ಕಳಚಿಕೊಳ್ಳುತ್ತದೆ. ಕಳಚಿದ ಸ್ಕೀಯನ್ನು ಎಲ್ಲರೂ ತಾವು ಬಿದ್ದ ಜಾಗದ ಕೆಳಗೆ ಹುಡುಕುತ್ತಾರೆ. ಅದು ಸಾಮಾನ್ಯವಾಗಿ ಮೇಲೆ, ಬೀಳಲು ಶುರುವಾದಲ್ಲೇ ಹೂತಿರುತ್ತದೆ. ಸ್ಕೀ ಹೋಗುತ್ತಿದ್ದ ದಿಕ್ಕಿಗೆ ಅಡ್ಡವಾಗಿ, ಪೋಲ್‌ನಿಂದ ಸೀಳುತ್ತ ಹುಡುಕಿ.

ಇಳಿಯುವ ಬಗೆ

ಗಟ್ಟಿ ಹಿಮದಲ್ಲಿ ಕಲಿತವರಿಗೆ ಹೊರಗಾಲಿನ ಮೇಲೆ ಭಾರ ಹಾಕುವ ಅಭ್ಯಾಸ. ಹೊಸ ಹಿಮದಲ್ಲಿ ಹಾಗೆ ಮಾಡಿದರೆ ಆ ಕಾಲು ಮುಳುಗುತ್ತದೆ, ಇನ್ನೊಂದು ತೇಲುತ್ತದೆ, ನೀವು ನಡುವೆ ಬೀಳುತ್ತೀರಿ. ಎರಡೂ ಕಾಲಿಗೆ ಸಮ ಭಾರ, ಪಾದಗಳು ಎಂದಿಗಿಂತ ಹತ್ತಿರ. ಎರಡೂ ಸ್ಕೀಗಳನ್ನು ಒಂದೇ ಹಲಗೆ ಎಂದುಕೊಳ್ಳಿ.

ಮೂಗಿನ ಮುಂದೆ ಹಿಮ ಹಾರಿದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ತೊಡೆ ಉರಿಯತೊಡಗಿ ಸ್ಕೀ ತಿರುಗುವುದೇ ಇಲ್ಲ. ಮೊಳಕಾಲ ಎಲುಬು ಬೂಟಿನ ಮುಂಭಾಗಕ್ಕೆ ಮೆತ್ತಗೆ ತಾಗಿರಲಿ. ಒಂದು ಲಯದಲ್ಲಿ ಮಂಡಿ ಮಡಿಸಿ ಬಿಡಿಸಿ: ಮಡಿಸಿದಾಗ ಸ್ಕೀ ಹಿಮವನ್ನು ಒತ್ತುತ್ತದೆ, ಹಿಮ ತಿರುಗಿ ಮೇಲಕ್ಕೆ ತಳ್ಳುತ್ತದೆ, ಆ ಹಗುರಾದ ಗಳಿಗೆಯಲ್ಲೇ ತಿರುಗಬೇಕು. ಅಂಚನ್ನು ಝಾಡಿಸಿ ತಿರುಗಿಸಿದರೆ ಸ್ಕೀ ಹಿಮದೊಳಗೆ ಕಚ್ಚಿಕೊಂಡು ನಿಲ್ಲುತ್ತದೆ, ನೀವು ಮುಂದೆ ಹಾರುತ್ತೀರಿ. ವೇಗ ಕಡಿಮೆ ಮಾಡಲು ತಿರುವನ್ನು ಇನ್ನೂ ದುಂಡಗೆ, ಇಳಿಜಾರಿನ ಮೇಲ್ಮುಖಕ್ಕೆ ಬರುವವರೆಗೆ ಎಳೆಯಿರಿ.

ಹೊಸಬರಿಗೆ ಮೊದಲು ಕಲಿಸುವ, ಮೂತಿ ಕೂಡಿಸಿ ಹಿಂಬದಿ ಅಗಲಿಸುವ ಬ್ರೇಕು 20 ಸೆಂಟಿಮೀಟರ್ ಹಿಮದಲ್ಲಿ ಹಿಡಿಯುವುದಿಲ್ಲ, ಮೂತಿಗಳು ಒಳಗೇ ಒಂದರ ಮೇಲೊಂದು ಹತ್ತುತ್ತವೆ. ಹೊಸಬರು ಊರ ಹತ್ತಿರದ ಸಣ್ಣ ಇಳಿಜಾರಿನಲ್ಲಿ ಸ್ಕೀ ಅಡ್ಡ ಇಟ್ಟು ಮೆಟ್ಟಿಲೇರಿದಂತೆ 15–20 ಮೀಟರ್ ಹತ್ತಿ ಇಳಿದು ಒಂದು ಪಟ್ಟಿ ತುಳಿದು ಗಟ್ಟಿ ಮಾಡಿಕೊಳ್ಳಲಿ. ಅರ್ಧ ಗಂಟೆಯ ಬೆವರು, ದಿನವಿಡೀ ಕಲಿಯಲು ಜಾಗ.

ಬಿದ್ದರೆ ಏಳುವುದಕ್ಕೂ ಉಪಾಯವಿದೆ. ಬರಿಗೈ ಊರಿದರೆ ಭುಜದವರೆಗೂ ಹೋಗುತ್ತದೆ. ಸ್ಕೀಗಳನ್ನು ಕೆಳಬದಿಗೆ, ಇಳಿಜಾರಿಗೆ ಅಡ್ಡವಾಗಿ ತನ್ನಿ. ಎರಡು ಪೋಲ್‌ಗಳನ್ನು ಗುಣಾಕಾರ ಚಿಹ್ನೆಯಂತೆ ಹಿಮದ ಮೇಲೆ ಮಲಗಿಸಿ, ಅವು ಕೂಡುವಲ್ಲಿ ಅಂಗೈ ಒತ್ತಿ ಏಳಿ.

ಮರದ ಬುಡದ ಗುಂಡಿ

ಫರ್ ಮರಗಳ ಬಾಗಿದ ಕೊಂಬೆಗಳು ಛತ್ರಿಯಂತೆ ಹಿಮ ತಡೆಯುತ್ತವೆ. ಹಾಗಾಗಿ ಕಾಂಡದ ಸುತ್ತ ಸಡಿಲ ಹಿಮದ ಗುಂಡಿ ಉಳಿಯುತ್ತದೆ, ಮೇಲಿಂದ ಕಾಣುವುದಿಲ್ಲ. ತಲೆ ಕೆಳಗಾಗಿ ಬಿದ್ದವರು ಒದ್ದಾಡಿದಷ್ಟೂ ಹಿಮ ಜರಿದು ಮೂಗು ಬಾಯಿ ಮುಚ್ಚುತ್ತದೆ. ಕಾಡಿಗಿಳಿಯುವ ಮುನ್ನ ಪೋಲ್‌ನ ಪಟ್ಟಿಯಿಂದ ಕೈ ಬಿಡಿಸಿಕೊಳ್ಳಿ, ಕೊರಳಲ್ಲಿ ಸೀಟಿ ಇರಲಿ. ಮರವನ್ನಲ್ಲ, ಮರಗಳ ನಡುವಿನ ಜಾಗವನ್ನು ನೋಡುತ್ತ ಇಳಿಯಿರಿ, ಕಣ್ಣು ನೆಟ್ಟ ಕಡೆಗೇ ಸ್ಕೀ ಹೋಗುತ್ತದೆ. ಜೊತೆಗಾರ ಕಣ್ಣಳತೆಯಲ್ಲೇ ಇರಬೇಕು, ಕೆಳಗೆ ಹೋಗಿ ಕಾಯುವವನು ಜೊತೆಗಾರನಲ್ಲ. ಬೀಳುವುದು ಖಚಿತವಾದರೆ ಕೊಂಬೆಯನ್ನೋ ಕಾಂಡವನ್ನೋ ತಬ್ಬಿ. ಬಿದ್ದವರನ್ನು ಕಾಲು ಹಿಡಿದು ಎಳೆಯಬೇಡಿ, ತಲೆಯಿರುವ ಕಡೆಗೆ ಪಕ್ಕದಿಂದ ಅಗೆದು ಮೊದಲು ಉಸಿರಿಗೆ ದಾರಿ ಮಾಡಿ.

ಮೇಲೆ ತೆರೆದ ದಿನ

ಅಫರ್ವತ್‌ನಲ್ಲಿ ಇಳಿಜಾರಿನ ಸುರಕ್ಷತೆ ನೋಡುವ ಸ್ಕೀ ಪ್ಯಾಟ್ರೋಲ್ ಸಿಡಿಮದ್ದು ಹಾಕಿ, ನೋಡಿ ತೆರೆಯುವುದು ಗೊಂಡೋಲಾದ ಆಸುಪಾಸಿನ ಇಳಿಜಾರುಗಳನ್ನು ಮಾತ್ರ. ಅದರಾಚೆಯ ಬೋಗುಣಿಯಂಥ ತಗ್ಗುಗಳು, ಕಣಿವೆಗಳು ಯಾರೂ ಕಾಯದ ಬೆಟ್ಟ. ಶಿಖರದ ಹಿಂಬದಿಗಂತೂ ಹೋಗಲೇಬೇಡಿ, ನಿಯಂತ್ರಣ ರೇಖೆ ದೂರವಿಲ್ಲ. 2010ರ ಫೆಬ್ರುವರಿಯಲ್ಲಿ ಇದೇ ಬೆಟ್ಟದ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ ಹದಿನೈದಕ್ಕೂ ಹೆಚ್ಚು ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರುವರಿಯಲ್ಲಿ ಹಾಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ಖಿಲನ್‌ಮರ್ಗ್ ಬಳಿ ರಷ್ಯಾದ ಒಬ್ಬರು ಸತ್ತರು. ಹಿಮಕ್ಕೆ ಅನುಭವಿಗಳ ಗುರುತು ಸಿಗುವುದಿಲ್ಲ.

ಬೆಳಿಗ್ಗೆ ಚಂಡೀಗಢದ ಡಿಜಿಆರ್‌ಇ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡಿ, ಪ್ಯಾಟ್ರೋಲ್‌ನವರನ್ನು ಕೇಳಿ. ದೊಡ್ಡ ಹಿಮ ನಿಂತ ಮೇಲಿನ 24ರಿಂದ 48 ಗಂಟೆ ಅತಿ ಅಪಾಯದ ಹೊತ್ತು. ಗಾಳಿ ಜೋರಿದ್ದರೆ 30 ಸೆಂಟಿಮೀಟರ್ ಹೊಸ ಹಿಮವೂ ಸಾಕು: ಗಾಳಿ ಒಂದು ಬದಿಯಿಂದ ಹೊತ್ತದ್ದನ್ನು ಇನ್ನೊಂದು ಬದಿಯಲ್ಲಿ ಪೇರಿಸುವುದರಿಂದ ಅಲ್ಲಿ ಅದು ಎರಡು ಮೂರು ಪಟ್ಟು ದಪ್ಪವಾಗಿರುತ್ತದೆ. ಕಾಲ ಕೆಳಗೆ ‘ಧುಮ್’ ಎಂದು ಹಿಮ ಕುಸಿದ ಸದ್ದು, ಸ್ಕೀ ಮುಂದೆ ಗಾಜಿನಂತೆ ಓಡುವ ಬಿರುಕು, ಎದುರು ಬೆಟ್ಟದಲ್ಲಿ ಹೊಸ ಕುಸಿತದ ಗುರುತು, ಇವುಗಳಲ್ಲಿ ಒಂದು ಕಂಡರೂ ಆ ದಿನ ಕಡಿದಾದ ಇಳಿಜಾರಿನ ಆಸೆ ಬಿಡಿ.

ಕಡಿದು ಎಂದರೆ 30 ಡಿಗ್ರಿ ಮತ್ತು ಮೇಲೆ. ಅಂದಾಜಿಗೆ: ಒಂದು ಪೋಲ್ ನೇರ ನಿಲ್ಲಿಸಿ, ಅಷ್ಟೇ ಉದ್ದದ ಇನ್ನೊಂದನ್ನು ಅದರ ಅರ್ಧ ಎತ್ತರದಿಂದ ಬೆಟ್ಟದ ಕಡೆಗೆ ಅಡ್ಡ ಹಿಡಿಯಿರಿ. ತುದಿ ಹಿಮಕ್ಕೆ ಸರಿಯಾಗಿ ತಾಗಿದರೆ ಸುಮಾರು 27 ಡಿಗ್ರಿ. ಪೂರ್ತಿ ಚಾಚುವ ಮೊದಲೇ ಹಿಮಕ್ಕೆ ಚುಚ್ಚಿದರೆ ಅದಕ್ಕಿಂತ ಕಡಿದು. ದಾಟಲೇಬೇಕಾದರೆ ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ದಿಬ್ಬದಲ್ಲಿ ನಿಂತು ನೋಡುತ್ತ.

ಬೀಕನ್ (ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಹಿಮಕ್ಕೆ ಚುಚ್ಚಿ ನೋಡುವ, 240 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಪ್ರೋಬ್ ಕೋಲು, ಲೋಹದ ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು. ಬೀಕನ್‌ಗೆ ತಯಾರಕರು ಹೇಳಿದ ಬ್ಯಾಟರಿಯನ್ನೇ ಹಾಕಿ, ಫೋನಿನಿಂದ 20 ಸೆಂಟಿಮೀಟರ್ ದೂರ ಇಡಿ. ಹುಡುಕುವಾಗ ಆ ದೂರ 50.

ಒಬ್ಬರು ಹೂತುಹೋದರೆ ಕೊನೆಯದಾಗಿ ಕಂಡ ಜಾಗ ಗುರುತಿಟ್ಟು, ಇನ್ನೊಂದು ಕುಸಿತದ ಭಯವಿಲ್ಲವೆಂದು ನೋಡಿ, ಎಲ್ಲ ಬೀಕನ್‌ಗಳನ್ನೂ ಹುಡುಕುವ ಸ್ಥಿತಿಗೆ ತಿರುಗಿಸಿ. ಸಂಕೇತ ಸಿಗುವವರೆಗೆ ಬೇಗ, ಹತ್ತಿರವಾದಂತೆ ನಿಧಾನ, ಕೊನೆಯ ಮೂರು ಮೀಟರ್ ಬೀಕನನ್ನು ಹಿಮಕ್ಕೆ ತಾಗುವಂತೆ ಹಿಡಿದು ಅತಿ ಕಡಿಮೆ ಅಂಕಿ ಹುಡುಕಿ. ಅಲ್ಲಿಂದ ಸುರುಳಿಯಾಗಿ 25 ಸೆಂಟಿಮೀಟರಿಗೊಂದರಂತೆ, ಇಳಿಜಾರಿಗೆ ಲಂಬವಾಗಿ ಪ್ರೋಬ್ ಚುಚ್ಚಿ. ತಾಗಿದರೆ ತೆಗೆಯಬೇಡಿ. ಪ್ರೋಬ್ ಪಕ್ಕ ನೇರ ಬಾವಿ ತೋಡುವುದು ಎಲ್ಲರೂ ಮಾಡುವ ತಪ್ಪು: ಕೆಳಬದಿಯಲ್ಲಿ ತುಸು ದೂರದಿಂದ ಶುರುಮಾಡಿ ಅಡ್ಡಕ್ಕೆ ಅಗೆಯುತ್ತ ಬನ್ನಿ, ಮಣ್ಣು ತುಂಬಿದಂತೆ ಹಿಮ ಎತ್ತಿ ಹಾಕುವ ಬದಲು ಹಿಂದಕ್ಕೆ ದೋಣಿ ಹುಟ್ಟು ಹಾಕಿದಂತೆ ತಳ್ಳಿ. ಮೊದಲ 10–15 ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಂಭವ ಬಹಳ, ಅರ್ಧ ಗಂಟೆಯ ಹೊತ್ತಿಗೆ ಅದು ಪಾತಾಳಕ್ಕಿಳಿದಿರುತ್ತದೆ. ಕೆಳಗಿನಿಂದ ರಕ್ಷಣಾ ತಂಡ ಅಷ್ಟರಲ್ಲಿ ಬರಲಾರದು.

ಸಂಜೆ

ಮೂಗಿನ ತುದಿ, ಕೆನ್ನೆ ಮೇಣದಂತೆ ಬಿಳಿಚಿದ್ದರೆ ಹಿಮದಿಂದ ಉಜ್ಜಬೇಡಿ, ಬೆಚ್ಚನೆಯ ಅಂಗೈ ಇಡಿ. ಬೂಟಿನ ಒಳಪದರ ಹೊರಗೆಳೆದು ಕೋಣೆಯ ಬುಖಾರಿ ಒಲೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಒಣಗಿಸಿ. ಬೇಗ ಒಣಗಲೆಂದು ಒಲೆಗೇ ಒರಗಿಸಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಒಳಪದರ ತೂರಿಸಿ ಬಕಲ್‌ಗಳನ್ನು ಸಡಿಲವಾಗಿ ಹಾಕಿ ಕೋಣೆಯೊಳಗೇ ಇಡಿ. ವರಾಂಡದಲ್ಲಿ ಬಿಟ್ಟ ಬೂಟು ಬೆಳಿಗ್ಗೆ ಕಲ್ಲಾಗಿರುತ್ತದೆ, ಕಾಲು ತೂರುವುದೇ ಇಲ್ಲ.